ಗಲ್ಲಿ ಬಾಯಿಗೆ ಕಟ್ಟಿದ ಚಾದರ

ರಹೀಮುನ್ನೀಸಾಳಿಗೆ ಬೇಕಾಗಿದ್ದದ್ದು ಮೊಣಕೈಯಷ್ಟು ಉದ್ದದ ನೆಲ. ಅದು ಎಲ್ಲಿದೆಯೆಂದು ಬಲ್ಲವನು ಅವಳ ಗಂಡ ಅಹಮದ್ ಪಾಷಾ ಒಬ್ಬನೇ. ಆ ವರ್ಷದ ಮಾಘದಲ್ಲಿ ವಿಷಮಜ್ವರ ಬಂದು ಅವನೂ ಹೋಗಿಬಿಟ್ಟ.

ಅದಕ್ಕೂ ಹಲವು ವರ್ಷ ಹಿಂದೆ, ನೆರೆ ಬಂದು ಕಾವೇರಿ ಎಡತೊರೆಯ ಬೀದಿಗಳಿಗೆ ನುಗ್ಗಿದ ಆಷಾಢದಲ್ಲಿ, ಅವಳು ಮನೆಯ ಅಟ್ಟದ ಮೇಲೆ ಹೆತ್ತಿದ್ದಳು. ಹೆಣ್ಣು. ಪಾಷಾ ಅದರ ಬಲಗಿವಿಯಲ್ಲಿ ಅಜಾನ್ ಹೇಳಿದ. ಮಾರನೆಯ ದಿನ ಆ ಕಿವಿ ತಣ್ಣಗಾಗಿತ್ತು. ಖಬರಸ್ತಾನ ನೀರಿನಡಿ ಇತ್ತು, ಗಲ್ಲಿಯ ಕೆಳತುದಿಯೂ ನೀರಿನಡಿ ಇತ್ತು. ಗಲ್ಲಿ ಪೇಟೆ ಬೀದಿಗೆ ತೆರೆದುಕೊಳ್ಳುವ ಬಾಯಿ ಮಾತ್ರ ಎತ್ತರದಲ್ಲಿ ಒಣಗಿತ್ತು. ಅವನು ಬಟ್ಟೆಯ ಗಂಟಿನಂಥದನ್ನು ಎದೆಗವಚಿಕೊಂಡು ಇಳಿದುಹೋದ. ಬರುವಾಗ ಕೈಯ ತುಂಬ ಕೆಸರಿತ್ತು. "ಗಲ್ಲಿ ಬಾಯಲ್ಲಿ ಇಟ್ಟು ಬಂದೆ" ಎಂದ. ಸಂಜೆಯ ಹೊತ್ತಿಗೆ ಹರಿಗೋಲು ಬಂದು ಇಬ್ಬರನ್ನೂ ದಿಣ್ಣೆಗೆ ಸಾಗಿಸಿತು. ಅವಳು ಆ ಮನೆಗೆ ಮತ್ತೆ ಹೋಗಲಿಲ್ಲ.

ಗೋರಿಯ ಬಳಿಗೆ ಹೆಂಗಸರು ಹೋಗುವ ಪದ್ಧತಿ ಅವರಲ್ಲಿರಲಿಲ್ಲ. ಪಾಷಾ ಹೋಗುತ್ತಿದ್ದ. ಅವಳು ಊದುಬತ್ತಿ ಕಟ್ಟಿಕೊಡುತ್ತಿದ್ದಳು, ಅವನು ಹಚ್ಚಿ ಫಾತಿಹಾ ಓದಿ ಬರುತ್ತಿದ್ದ. ಗುರುತಿಗೆ ಏನಿದೆ, ಯಾವ ಗೋಡೆಯ ಮಗ್ಗುಲು ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಅಗತ್ಯವೇನಿತ್ತು, ಗಂಡ ಇದ್ದ.

ನೆರೆ ಇಳಿದ ಮೇಲೆ ಊರನ್ನೇ ಎತ್ತಿ ಮೇಲಕ್ಕೆ ಇಟ್ಟರು. ಆ ಹೊಸ ಊರು ಕೃಷ್ಣರಾಜನಗರದಲ್ಲಿ ಬೀದಿಗಳು ಹಗ್ಗ ಹಿಡಿದು ಎಳೆದಂತೆ ನೇರ. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿಯಲ್ಲಿ ಬರುವವನ ಪೇಟ ಕಾಣುತ್ತದೆ. ಗಲ್ಲಿ ಎಂಬುದೇ ಇಲ್ಲ. ಹಳೇ ಎಡತೊರೆಯ ತೊಲೆ, ಹೆಂಚು, ಚಪ್ಪಡಿಗಳೆಲ್ಲ ಗಾಡಿಯ ಮೇಲೆ ಹೊಸ ಊರಿಗೆ ಬಂದವು. ಉಳಿದ ಮಣ್ಣಿನ ಗೋಡೆಗಳು ಮಳೆಗೆ ಕರಗಿ ದಿಬ್ಬಗಳಾದವು. ದಿಬ್ಬಗಳ ಮೇಲೆ ಜಾಲಿ ಹಬ್ಬಿತು. ಈಗ ಆ ನೆಲವನ್ನು ಬೇಸಾಯಕ್ಕೆ ಕೊಟ್ಟಿದ್ದರು. ಪೇಟೆ ಬೀದಿ ಇದ್ದ ಪಟ್ಟೆ ನೀಲಕಂಠಸ್ವಾಮಿ ಎಂಬ ರೈತನ ಪಾಲಿಗೆ ಬಂದಿತ್ತು. ಅವನು ಬೇಸಗೆಯಲ್ಲೇ ಜಾಲಿ ಕಡಿಸಿ, ದಿಬ್ಬ ತಟ್ಟಿ, ನೆಲವನ್ನು ಅಂಗೈಯಂತೆ ಮಾಡಿಸಿದ್ದ. ನಾಲೆಗೆ ನೀರು ಬಿಟ್ಟ ಕೂಡಲೇ ಭತ್ತ.

ಈ ಸುದ್ದಿ ತಂದವನು ಅವಳ ತಮ್ಮ ಹಬೀಬ್. ಹೊಸ ಊರಾದ ಮೇಲೆ ಬಂದವನು, ಅಕ್ಕನ ಮನೆಯಲ್ಲೇ ಇದ್ದು ಭಾವನ ತಿದಿ ಒತ್ತಿ, ಪಾತ್ರೆಗಳಿಗೆ ಕಲಾಯಿ ಹಾಕಿ ಇಬ್ಬರ ಹೊಟ್ಟೆ ಹೊರೆಯುತ್ತಿದ್ದ. ಅಕ್ಕ ಊಟ ಬಿಟ್ಟದ್ದನ್ನು ನೋಡಿ ನೀಲಕಂಠಸ್ವಾಮಿಯನ್ನು ಹುಡುಕಿಕೊಂಡು ಹೋದ.

ನೀಲಕಂಠಸ್ವಾಮಿ ಮಾತು ಮುಗಿಯುವವರೆಗೂ ಕೇಳಿದ. ಆಮೇಲೆ ಎಲೆಯಡಿಕೆ ಉಗಿದು ಬಂದು ಹೇಳಿದ: "ಮಗೀನ ಮ್ಯಾಲೆ ನೇಗ್ಲು ಹೊಡೆಯೋ ಕುಲ ಅಲ್ಲ ಕಣಪ್ಪ ನಮ್ದು. ಎಲ್ಲಿ ಅಂತ ತೋರ್ಸು, ಸುತ್ತಾ ಬದ ಹಾಕ್ಸಿ ಬುಟ್ಬುಡ್ತೀನಿ. ನನ್ ಮಕ್ಳಿಗೂ ಹೇಳಿರ್ತೀನಿ."

"ಪೇಟೆ ಬೀದೀಲಿ, ನಮ್ಮ ಗಲ್ಲಿ ಬಾಯಲ್ಲಿ."

"ಅದೇ ಕಣ್ಲಾ, ಎಲ್ಲಿ?"

ಇಬ್ಬರೂ ಬಯಲನ್ನು ನೋಡಿದರು. ಒಂದು ಕಡೆ ಅರಳಿಮರ, ಅದರಾಚೆ ಹೊಳೆಯ ದಡದಲ್ಲಿ ಅರ್ಕೇಶ್ವರನ ಗುಡಿಯ ಗೋಪುರ. ನಡುವೆ ಕೆಂಪು ಮಣ್ಣು, ಅಷ್ಟೇ.

"ಎಲ್ಲೋ ಒಂದ್ಕಡೆ ಅನ್ನೋದ್ನ ಉಳಬೌದು ಕಣಪ್ಪ" ಎಂದ ನೀಲಕಂಠಸ್ವಾಮಿ. "ಬುಡಕ್ಕಾಗಲ್ಲ."

ಹಳೇ ಗಲ್ಲಿಯ ಗಂಡಸರನ್ನು ಹಬೀಬ್ ಬಯಲಿಗೆ ಕರೆತಂದ. ಪಾಷಾನ ಗಲ್ಲಿ ಗುಡಿಯ ಕಡೆಯಿಂದ ಮೂರನೆಯದು ಎಂಬಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರು ಎದ್ದದ್ದು ಎಣಿಕೆಯಲ್ಲಿ. ಎಣ್ಣೆ ಗಾಣದ ಮಂಟಯ್ಯ ತನ್ನ ಮನೆಯ ಮುಂದಿನದನ್ನು ಗಲ್ಲಿ ಎಂದು ಎಣಿಸಿದ. ಅತ್ತರು ಮಾರುವ ಮುದುಕ ಅದನ್ನು ಒಪ್ಪಲಿಲ್ಲ.

"ಅದು ಗಾಣದ ಸಂದಿ. ಗಲ್ಲಿ ಯಾವಾಗ ಆಯ್ತು?"

"ಸಂದಿ ಅನ್ಬ್ಯಾಡಿ ಸಾಬ್ರೆ. ನನ್ನ ಮದುವೆ ಮೆರವಣಿಗೆ ಓಗ್ಯದೆ ಅದ್ರಲ್ಲಿ."

"ಮೆರವಣಿಗೆ ಹೋಯ್ತು, ಕುದುರೆ ಎಲ್ಲಿ ಹೋಯ್ತು? ನಿನ್ನ ಇಳಿಸಿ ಹೆಗಲ ಮೇಲೆ ಹೊತ್ಕೊಂಡು ಹೋದ್ರು. ನಾನೇ ನೋಡಿದ್ದೀನಿ. ಕುದುರೆ ಹಿಡೀದಿದ್ರೆ ಅದು ಸಂದಿ."

"ಕುದುರೆ ದಪ್ಪ ಇತ್ತು."

ಉಳಿದವರು ನಕ್ಕರು. ಹಬೀಬನಿಗೆ ನಗು ಬರಲಿಲ್ಲ. ಸಂದಿಯನ್ನು ಸೇರಿಸಿದರೆ ಮಗು ಇಲ್ಲಿ. ಬಿಟ್ಟರೆ ಒಂದು ಮನೆಯ ಸಾಲಿನಷ್ಟು ಆಚೆ. ಅದೂ ಹೋಗಲಿ ಎಂದರೆ, ಮೊದಲ ಗಲ್ಲಿ ಎಲ್ಲಿಂದ ಶುರುವಾಗುತ್ತಿತ್ತು ಎಂಬುದನ್ನು ಒಬ್ಬೊಬ್ಬರು ಒಂದೊಂದು ಕಡೆ ಕಾಲಲ್ಲಿ ಗೀಚಿ ತೋರಿಸಿದರು. ಹುಟ್ಟಿ ಬೆಳೆದ ಬೀದಿ. ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರುತ್ತಿದ್ದವರು. ಗೋಡೆಗಳಿಲ್ಲದೆ ಅವರ ನೆನಪು ನಿಲ್ಲಲು ಜಾಗ ಸಿಗದೆ ಅತ್ತಿತ್ತ ವಾಲಾಡುತ್ತಿತ್ತು.

ಹೊರಡುವಾಗ ಮಂಟಯ್ಯ ಹಬೀಬನ ಪಕ್ಕ ನಡೆದು ಬಂದ. "ಉಣಸೂರಿನ ಪೋಟದೋರು ಬರೋರಲ್ಲ, ಗಯಾಸು ಸಾಬ್ರು. ಪೇಟೆ ಬೀದಿ ಎಲ್ಲಾ ಹಿಡ್ದವ್ರೆ ಅವ್ರು. ಕೇಳಿ ನೋಡು" ಎಂದ.

ಗಯಾಸುದ್ದೀನ್ ಹುಣಸೂರಿನಲ್ಲಿ ಮುದುಕನಾಗಿದ್ದ. ಮದುವೆಗೋ ಅಧಿಕಾರಿಗಳ ಸವಾರಿಗೋ ಕರೆ ಬಂದಾಗ ಮಾತ್ರ ಎಡತೊರೆಗೆ ಕ್ಯಾಮೆರಾ ಕಟ್ಟಿಕೊಂಡು ಬಂದವನು. ಗಲ್ಲಿಗಳ ಹೆಸರು ಅವನಿಗೆ ಆಗಲೂ ಗೊತ್ತಿರಲಿಲ್ಲ. ಪಾಷಾ ಸತ್ತದ್ದು ತಿಳಿದು ಮೂಲೆಯಲ್ಲಿದ್ದ ಕ್ಯಾಮೆರಾ ಸ್ಟ್ಯಾಂಡಿನ ಕಡೆ ಕೈ ತೋರಿಸಿದ.

"ಎಡತೊರೆಗೆ ಬಂದಾಗಲೆಲ್ಲ ನನ್ನ ಸ್ಟ್ಯಾಂಡು ಹೊರುತ್ತಿದ್ದವನು ಅವನೇ. ಕಲಾಯಿ ಬಿಟ್ಟು ಬರುತ್ತಿದ್ದ."

"ಆಗಿನ ಪಟಗಳ ಗಾಜಿನ ಪ್ಲೇಟುಗಳು ಇವೆಯಾ ಚಾಚಾ?"

"ಗಾಜಿಗೆ ಬೆಲೆ ಬಂತಲ್ಲಪ್ಪ. ಬಿಸಿನೀರಲ್ಲಿ ತೊಳೆದು ಫೋಟೋ ಕಟ್ಟು ಹಾಕುವುದಕ್ಕೆ ಉಪಯೋಗಿಸಿಬಿಟ್ಟೆ."

ಅಂದರೆ ಎಡತೊರೆಯ ಬೀದಿಗಳಿದ್ದ ಗಾಜುಗಳು ಈಗ ಯಾರ ಯಾರದೋ ಮನೆಯಲ್ಲಿ ದೇವರ ಪಟಗಳ ಮುಂದೆ ಬರಿದಾಗಿ ನಿಂತಿದ್ದವು. ಪೆಟ್ಟಿಗೆ ಜಾಲಾಡಿದ ಮೇಲೆ ಕಾಗದದ ಒಂದೇ ಒಂದು ಪಟ ಸಿಕ್ಕಿತು. ಒಬ್ಬ ಜವಳಿ ವ್ಯಾಪಾರಿ ತನ್ನ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಅವನ ಎಡಕ್ಕೆ ಒಂದು ಗಲ್ಲಿಯ ಬಾಯಿ. ಆದರೆ ಗಲ್ಲಿಯ ಒಳಗು ಕಾಣುವುದಿಲ್ಲ. ಗೋಡೆಯಿಂದ ಗೋಡೆಗೆ ಒಂದು ಚಾದರ ಕಟ್ಟಿದೆ.

"ಇದೇನು ಚಾಚಾ?"

"ಗೋಷಾ ಹೆಂಗಸರು ಒಳಗೆ ಓಡಾಡುತ್ತಿರುತ್ತಾರೆ. ಪಟದಲ್ಲಿ ಬಂದುಬಿಟ್ಟರೆ ಜಗಳ. ಪಾಷಾ ಮುಂದೆ ಹೋಗಿ ಕಟ್ಟುತ್ತಿದ್ದ. 'ಹಾಂ ಚಾಚಾ' ಅಂದಮೇಲೆ ನಾನು ಮುಚ್ಚಳ ತೆಗೆಯುತ್ತಿದ್ದೆ."

ಹಬೀಬ್ ಪಟವನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದ. ರಹೀಮುನ್ನೀಸಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ವ್ಯಾಪಾರಿಯನ್ನು ನೋಡಲಿಲ್ಲ, ಅಂಗಡಿಯನ್ನು ನೋಡಲಿಲ್ಲ. ಅವಳ ಉಗುರು ನೇರವಾಗಿ ಚಾದರದ ಮೂಲೆಗೆ ಹೋಗಿ ನಿಂತಿತು. ಅಲ್ಲಿ ವೀಳ್ಯದೆಲೆಯ ಆಕಾರದ ಒಂದು ತೇಪೆ ಕಪ್ಪಗೆ ಕಾಣುತ್ತಿತ್ತು.

"ನಾನು ಹಾಕಿದ್ದು" ಎಂದಳು. "ನನ್ನ ಮದುವೆ ಕುರ್ತಾ ಹರಿದಾಗ ಅದರ ತೋಳಿನ ಬಟ್ಟೇಲಿ. ಕೆಂಪು ಅದು. ನಿನ್ನ ಭಾವ ಬಂದು, ಕ್ಯಾಮೆರಾದವರು ಬಂದಿದ್ದಾರೆ, ನಮ್ಮ ಗಲ್ಲಿಗೆ ಕಟ್ಟಬೇಕು, ಚಾದರ ಕೊಡು ಅಂದ್ರು. ಹಾಸಿಗೆ ಮೇಲಿಂದ ಎಳೆದುಕೊಟ್ಟೆ. ಬೇರೆ ಯಾರ ಗಂಡ ಹಂಗೆ ಯೋಚನೆ ಮಾಡ್ತಾನೆ ಹೇಳು?"

"ಗಲ್ಲಿ ಬಾಯಿ ಇದೇನಾ ಆಪಾ?"

"ನನಗೇನು ಗೊತ್ತು? ಮದುವೆಯಾಗಿ ಬಂದಿದ್ದು ಮುಸುಕಿನ ಗಾಡೀಲಿ, ಹೋಗಿದ್ದು ಹರಿಗೋಲಲ್ಲಿ. ನಮ್ಮ ಓಡಾಟ ಎಲ್ಲ ಹಿತ್ತಿಲ ಬಾಗಿಲಲ್ಲಿ. ಪೇಟೆ ಕಡೆಯಿಂದ ನಮ್ಮ ಗಲ್ಲಿ ಹೆಂಗಿತ್ತು ಅಂತ ನಾನು ನೋಡ್ತಿರೋದು ಇದೇ ಮೊದಲು." ಅವಳು ಪಟವನ್ನು ಇನ್ನಷ್ಟು ಹತ್ತಿರಕ್ಕೆ ತಂದಳು. "ಆದರೆ ಚಾದರ ನಂದು. ಇದರ ಹಿಂದೆ ನಾನಿದ್ದೀನಿ."

ಆ ದಿನ ಅವಳು ಉಂಡಳು.

ಗಯಾಸುದ್ದೀನ್ ಬಸ್ಸಿನಲ್ಲಿ ಕ್ಯಾಮೆರಾ ಸಮೇತ ಬಂದ. ಪಟದಲ್ಲಿ ಅಂಗಡಿಯ ಹೆಂಚಿನ ಮೇಲೆ ಅರಳಿಮರದ ತಲೆಯೂ ಅದರ ಬಲಕ್ಕೆ ಗೋಪುರದ ಕಳಶವೂ ಕಾಣುತ್ತಿದ್ದವು. ಅವನು ಬಯಲಿನಲ್ಲಿ ಸ್ಟ್ಯಾಂಡು ನಿಲ್ಲಿಸಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಮರಕ್ಕೂ ಕಳಶಕ್ಕೂ ನಡುವಿನ ಅಂತರ ಪಟದಲ್ಲಿದ್ದಷ್ಟೇ ಆಗುವವರೆಗೆ ಹಿಂದೆ ಮುಂದೆ ಸರಿದ. ನೀಲಕಂಠಸ್ವಾಮಿ ಕುತೂಹಲ ತಡೆಯಲಾರದೆ ತಾನೂ ಒಮ್ಮೆ ತಲೆ ತೂರಿಸಿದ.

"ಇದೇನ್ ಸಾಬ್ರೆ, ದೇವ್ರನ್ನೇ ತಲೆಕೆಳ್ಗೆ ಮಾಡಿಟ್ಟಿದ್ದೀರಿ."

"ಒಳಗೆ ಎಲ್ಲ ತಲೆಕೆಳಗೇ ಸ್ವಾಮಿ. ಕಾಗದಕ್ಕೆ ಬಂದಾಗ ನೆಟ್ಟಗಾಗುತ್ತೆ."

ಬಿಸಿಲು ಇಳಿಯುವ ಹೊತ್ತಿಗೆ ಲೆಕ್ಕ ಕೂಡಿತು. ಕುರ್ಚಿ ಇದ್ದದ್ದು ಇಲ್ಲಿ, ಚಾದರ ಇದ್ದದ್ದು ಅಲ್ಲಿ. ಆ ಜಾಗ ಮಂಟಯ್ಯ ತೋರಿಸಿದ್ದೂ ಅಲ್ಲ, ಅತ್ತರಿನ ಮುದುಕ ತೋರಿಸಿದ್ದೂ ಅಲ್ಲ. ಹಬೀಬನಿಗೆ ಅದೇ ಸಮಾಧಾನ ತಂದಿತು. ಪಟ ಯಾರ ಪಕ್ಷವನ್ನೂ ವಹಿಸಿರಲಿಲ್ಲ. ನಾಲ್ಕು ಕಲ್ಲು ತಂದು ಒಂದು ಗುಡ್ಡೆ ಹಾಕಿದರು. ನೀಲಕಂಠಸ್ವಾಮಿ ಹಾರೆಯಲ್ಲಿ ಸುತ್ತ ಗೆರೆ ಎಳೆದು, "ನೀರು ಬರೋ ಒತ್ಗೆ ಬದ ಹಾಕ್ಸ್ತೀನಿ" ಎಂದ. ಮನೆಗೆ ಬಂದು ಹೇಳಿದಾಗ ರಹೀಮುನ್ನೀಸಾ ಏನೂ ಕೇಳದೆ ಊದುಬತ್ತಿಯ ಕಟ್ಟನ್ನು ತಮ್ಮನ ಕೈಗಿತ್ತಳು.

ಒಳ್ಳೆಯದನ್ನೇ ಮಾಡಲು ಹೋದವಳು ನೀಲಕಂಠಸ್ವಾಮಿಯ ತಾಯಿ ಶಿವರುದ್ರಮ್ಮ. ಕಲಾಯಿಗೆ ಕೊಟ್ಟಿದ್ದ ಹಂಡೆಯನ್ನು ತಲುಪಿಸಲು ಹಬೀಬ್ ಹೋದಾಗ, "ನಮ್ಮನೇಲೂ ಅದೆ ಕಣಪ್ಪ ಪೇಟೆ ಬೀದಿ ಪೋಟ. ನಮ್ಮ ಯಜಮಾನ್ರುದ್ದು. ನಿಮ್ಮಕ್ಕನ್ನ ಕರ್ಕೊಂಡ್ ಬಾ, ನೋಡ್ಕೊಳ್ಳಲಿ, ಮನ್ಸಿಗೆ ಇನ್ನೊಂದೀಟು ನೆಮ್ಮದಿ" ಎಂದಳು.

ಅಕ್ಕ ತಮ್ಮ ಹೋದರು. ಗಂಡಸರು ಹೊಲದಲ್ಲಿದ್ದರು. ರಹೀಮುನ್ನೀಸಾ ಬುರ್ಖಾದ ಮುಂಭಾಗವನ್ನು ತಲೆಯ ಮೇಲಕ್ಕೆ ಎತ್ತಿಕೊಂಡು ನಡುಮನೆಯ ಗೋಡೆಯ ಮುಂದೆ ನಿಂತಳು. ಪಟದಲ್ಲಿ ಶಿವರುದ್ರಮ್ಮನ ಗಂಡ ಗಂಗಾಧರಪ್ಪ, ಆಗ ತಾನೇ ಕೊಂಡು ತಂದ ಜೋಡಿ ಎತ್ತುಗಳ ನಡುವೆ ಎದೆಯುಬ್ಬಿಸಿ ನಿಂತಿದ್ದ.

"ಏನವ್ವ ಬೂಬಮ್ಮ, ಅಷ್ಟೊತ್ನಿಂದ ನೋಡ್ತಾ ಇದ್ದೀಯೆ" ಎಂದಳು ಶಿವರುದ್ರಮ್ಮ. "ನಾನು ಒಂದಿನಾನೂ ಅಷ್ಟು ನೋಡ್ಲಿಲ್ಲ ಅವ್ರ ಮೊಕವ. ಎತ್ತು ಚೆನ್ನಾಗಿದ್ದೊ, ಅದು ದಿಟ."

ರಹೀಮುನ್ನೀಸಾ ನೋಡುತ್ತಿದ್ದದ್ದು ಗಂಗಾಧರಪ್ಪನ ಹೆಗಲಾಚೆ. ಅಲ್ಲಿ ಒಂದು ಗಲ್ಲಿಯ ಬಾಯಿ, ಬಾಯಿಗೆ ಚಾದರ, ಚಾದರದ ಮೂಲೆಯಲ್ಲಿ ವೀಳ್ಯದೆಲೆ. ಹಬೀಬ್ ಅರಳಿಮರವನ್ನು ಹುಡುಕಿದ. ಸಿಕ್ಕಿತು. ಗೋಪುರದ ಕಳಶ ಈಗ ಮರದ ಎಡಕ್ಕಿತ್ತು.

"ಇದು ಯಾವ ಜಾಗ ಅಮ್ಮಾರೆ?" ಎಂದು ಕೇಳಿದ.

"ಗಾಣದಿಂದ ಆಚ್ಗೆ, ಬಳೆಗಾರರ ತಾವ. ಅವತ್ತು ನಾನೂ ಇದ್ದೆ ಕಣಪ್ಪ. ನಿಮ್ಮ ಪಾಷಾನೇ ಅಲ್ವಾ ಆ ದುಪ್ಪಟೀನ ಹೆಗಲ ಮ್ಯಾಲೆ ಆಕ್ಕೊಂಡು ಓಡಾಡ್ತಿದ್ದಿದ್ದು. ಈ ಕಡೆ ಪೋಟ ಹಿಡ್ಯೋವಾಗ ಈ ಸಂದಿಗೆ ಕಟ್ಟೋನು, ಆ ಕಡೆ ತಿರುಗಿದ್ರೆ ಬಿಚ್ಕೊಂಡೋಗಿ ಆ ಸಂದಿಗೆ ಕಟ್ಟೋನು. ಯಾವ ಜಾತಿ ಅಂತಿಲ್ಲ, ಎಲ್ಲಾರ ಮನೆ ಎಣ್ಮಕ್ಕಳಿಗೂ ಮರೆ. ಒಳ್ಳೇ ಮನ್ಸ ಕಣವ್ವ ನಿನ್ನ ಗಂಡ."

ರಹೀಮುನ್ನೀಸಾ ಗೋಡೆಯಿಂದ ಹಿಂದಕ್ಕೆ ಸರಿದಳು. ಹಾಲು ಕುಡಿದು ಹೋಗು ಎಂದು ಶಿವರುದ್ರಮ್ಮ ಅಂದದ್ದು ಅವಳಿಗೆ ಕೇಳಿಸಿರಲಿಲ್ಲ. ದಾರಿಯಲ್ಲಿ ಆ ನೇರ ಬೀದಿಯ ಮಧ್ಯದಲ್ಲಿ ಒಮ್ಮೆ ನಿಂತಳು.

"ನನಗಾಗಿ ಕಟ್ಟಿದ್ದು ಅಂದ್ಕೊಂಡಿದ್ದೆ" ಎಂದಳು ಬುರ್ಖಾದೊಳಗಿನಿಂದ.

ಹಬೀಬನಿಗೆ ಭಾವನ ಮೇಲೆ ಸಿಟ್ಟು ಬಂತು. ಸಿಟ್ಟು ಮಾಡಲು ಅವನಲ್ಲಿ ತಪ್ಪು ಸಿಗಲಿಲ್ಲ. ಅವನು ಎಲ್ಲರ ಹೆಂಗಸರನ್ನೂ ಮರೆ ಮಾಡಿದ್ದ. ಆ ಮರೆಯ ಹಿಂದೆ ಅವನ ಮಗಳೂ ಉಳಿದುಬಿಟ್ಟಿದ್ದಳು.

ಆದರೂ ಹಬೀಬ್ ಸುಮ್ಮನಿರಲಾರದೆ ಬೇರೆ ಪಟಗಳನ್ನು ಹುಡುಕಿದ. ಭೇರ್ಯದಲ್ಲಿ ನೆಂಟರ ಮನೆ ಸೇರಿದ್ದ ಎಡತೊರೆಯವರೊಬ್ಬರ ಜಗಲಿಯಲ್ಲಿ ಮದುವೆ ಗಂಡಿನ ಪಟ ಸಿಕ್ಕಿತು. ಗಂಡಿನ ಪೇಟದ ತುರಾಯಿಯ ಪಕ್ಕದಲ್ಲೇ ಅದೇ ತೇಪೆ. ಮರವೂ ಗೋಪುರವೂ ಬೇರೆಯೇ ದಿಕ್ಕಿನಲ್ಲಿ. ಗಯಾಸುದ್ದೀನನನ್ನು ಮತ್ತೆ ಕರೆಸಿ ಆ ಎರಡು ಜಾಗಗಳನ್ನೂ ಅಳೆಸಿದ. ಮೂರು ಕಲ್ಲುಗುಡ್ಡೆಗಳಾದವು.

"ಇವುಗಳಲ್ಲಿ ಅವನ ಗಲ್ಲಿ ಯಾವುದು ಚಾಚಾ? ನೆನಪು ಮಾಡಿಕೊಳ್ಳಿ."

"ಕರಿ ಬಟ್ಟೆಯೊಳಗೆ ತಲೆ ಇಟ್ಟವನಿಗೆ ಏನು ನೆನಪಿರುತ್ತೆ ಹಬೀಬ್? ಮುಂದಿರುವವರು ಅಲ್ಲಾಡದಿದ್ದರೆ ಸಾಕು ಅಂತ ನೋಡುತ್ತಿದ್ದೆ. ಮೂರರಲ್ಲಿ ಒಂದಿರಬಹುದು." ಮುದುಕ ಸ್ಟ್ಯಾಂಡು ಮಡಚಿದ. "ಇಲ್ಲದೆಯೂ ಇರಬಹುದು. ಅವನ ಗಲ್ಲಿಯ ಕಡೆ ನಾನು ತಿರುಗಿಯೇ ಇಲ್ಲವೇನೋ."

ನಾಲೆಗೆ ನೀರು ಬಿಡುವ ತಮಟೆ ಊರಲ್ಲಿ ಸಾರಿತು. ಅಷ್ಟರೊಳಗೆ ಒಂದು ಉಳುಮೆ ಮುಗಿಯಬೇಕು. ನೀಲಕಂಠಸ್ವಾಮಿ ಎತ್ತು ಹೂಡಿದ ಬೆಳಗ್ಗೆ ರಹೀಮುನ್ನೀಸಾ ತಾನೂ ಬರುತ್ತೇನೆ ಎಂದಳು. ಹಬೀಬ್ ಜೊತೆಗೆ ಹೊರಟ. ಬಿಳಿ ಬುರ್ಖಾದಲ್ಲಿ ಅವಳು ಬಯಲಿನ ಅಂಚಿಗೆ ಬಂದು ನಿಂತಳು. ಹೊಳೆಯ ಗಾಳಿ ಜೋರಾಗಿತ್ತು.

ನೀಲಕಂಠಸ್ವಾಮಿ ಅವಳ ಕಡೆ ನೇರ ನೋಡದೆ ನೇಗಿಲ ಮೇಣಿ ಹಿಡಿದೇ ಮಾತಾಡಿದ. "ಮೂರೂ ಬುಡ್ತೀನಿ ಕಣವ್ವ. ಅದೇನ್ ಮಹಾ ಜಾಗ? ನಮ್ಮವ್ವಾನೂ ಹೇಳ್ಬುಟ್ಟವ್ಳೆ, ಬುಡದೆ ಇದ್ರೆ ಇಟ್ಟು ಇಕ್ಕಲ್ಲ ಅಂತ."

ಅವಳು ಮೂರು ಗುಡ್ಡೆಗಳನ್ನೂ ನೋಡಿದಳು. ಒಂದರಿಂದ ಇನ್ನೊಂದಕ್ಕೆ, ಮತ್ತೆ ಮೊದಲನೆಯದಕ್ಕೆ. ಅವುಗಳ ನಡುವೆ ಇದ್ದ ಬರಿ ನೆಲ ಬಹಳ ದೊಡ್ಡದಾಗಿತ್ತು.

"ಬೇಡ" ಎಂದಳು.

"ಯಾಕವ್ವ?"

"ಮೂರು ಬಿಟ್ರೆ, ಮಿಕ್ಕಿದ್ದೆಲ್ಲ ಅಲ್ಲ ಅಂತ ಆಗ್ತದೆ."

ನೀಲಕಂಠಸ್ವಾಮಿ ಹಬೀಬನ ಮುಖ ನೋಡಿದ, ಅವನಾದರೂ ಏನಾದರೂ ಹೇಳಲಿ ಎಂಬಂತೆ. ಹಬೀಬ್ ಮೊದಲ ಗುಡ್ಡೆಯ ಬಳಿ ಹೋಗಿ ಕಲ್ಲುಗಳನ್ನು ಎತ್ತಿ ಅಂಚಿಗೆ ಹಾಕಿದ. ಎರಡನೆಯದನ್ನು ನೀಲಕಂಠಸ್ವಾಮಿಯೇ ಬಂದು ಎತ್ತಿದ. ಮೂರನೆಯದಕ್ಕೆ ಇಬ್ಬರೂ ಕೈ ಹಾಕಿದರು.

"ನೇಗಿಲ ಮುಂದೆ ನಾನು ನಡೀತೀನಿ" ಎಂದಳು ರಹೀಮುನ್ನೀಸಾ. "ಪೂರ್ತಿ ಹೊಲ. ಫಾತಿಹಾ ಓದ್ಕೊಂಡು ಹೋಗ್ತೀನಿ. ಎಲ್ಲಿದ್ರೂ ಮೊದಲು ನಾನು ಬಂದಂಗಾಗ್ತದೆ."

"ನಡಿಯವ್ವ. ನಂದೇನು."

ಅವಳು ಚಪ್ಪಲಿ ಬಿಟ್ಟು ಎತ್ತುಗಳ ಮುಂದೆ ಹೋಗಿ ನಿಂತಳು. ಗಾಳಿ ಬಂದು ಬುರ್ಖಾದೊಳಗೆ ತುಂಬಿ ಅದನ್ನು ಅಗಲಿಸಿತು. ಎಡಗಡೆಯ ಎತ್ತು ಕಣ್ಣರಳಿಸಿ ಬುಸುಗುಟ್ಟಿತು. ಬಲದ್ದು ನೊಗದಿಂದ ಕತ್ತು ಕಿತ್ತುಕೊಳ್ಳಲು ನೋಡಿತು. ನೇಗಿಲು ಪಕ್ಕಕ್ಕೆ ಮಲಗಿತು. ನೀಲಕಂಠಸ್ವಾಮಿ ಅವನ್ನು ಹೊಯ್ದು, ಸವರಿ, ನಿಲ್ಲಿಸಿದ. ಮತ್ತೊಮ್ಮೆ ಹೂಡಿದ. ಮತ್ತೆ ಅದೇ.

"ಎತ್ತು ಬೆದರ್ತವೆ ಕಣವ್ವ. ಆ ಮ್ಯಾಲಿನ ಬಟ್ಟೆ..." ಎಂದವನು ಅರ್ಧಕ್ಕೆ ನಿಲ್ಲಿಸಿ ಹೊಳೆಯ ಕಡೆಗೆ ತಿರುಗಿದ. "ನಾನಾರೆ ಆ ಕಡಿಕೆ ತಿರುಕ್ಕೊಂಡೇನು. ಉಳೋವಾಗ ತಿರುಕ್ಕೊಳಕ್ಕಾದದಾ?"

ಪಕ್ಕದ ಹೊಲಗಳಲ್ಲೂ ನೇಗಿಲು ಹೂಡಿದ್ದರು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಹಬೀಬ್ ಅಕ್ಕನ ಬಳಿ ಹೋದ. ಎರಡು ಹೆಜ್ಜೆ ಬಿಟ್ಟು ನಿಂತ. ಅವನಾದರೂ ಮುಂದೆ ನಡೆಯಬಹುದಿತ್ತು. ಅವನಂಥವರಿಗೆ ಎತ್ತು ಬೆದರುವುದಿಲ್ಲ. ಅದನ್ನು ಹೇಳಿದ.

"ನೀನು ಅವಳಿಗೆ ಏನು?" ಎಂದಳು ಅವಳು, ಕಟುವಾಗಿ ಅಲ್ಲ. ನಿಜವಾಗಿ ಕೇಳುವಂತೆ.

ಆಮೇಲೆ ಪಕ್ಕಕ್ಕೆ ಸರಿದಳು. ಎತ್ತುಗಳು ಮುಂದಕ್ಕೆ ಹೋದವು. ನೇಗಿಲು ನೆಲವನ್ನು ಕಚ್ಚಿತು. ನೀಲಕಂಠಸ್ವಾಮಿ ದಾಟಿದ ಮೇಲೆ ಅವಳು ಹೊಸದಾಗಿ ತೆರೆದ ಸಾಲಿನೊಳಗೆ ಕಾಲಿಟ್ಟು ಹಿಂದೆ ನಡೆಯತೊಡಗಿದಳು. ಓದುತ್ತಿದ್ದದ್ದು ಕೇಳಿಸುತ್ತಿರಲಿಲ್ಲ, ಮುಖದ ಬಟ್ಟೆ ಬಾಯಿಯ ಬಳಿ ಒಳಕ್ಕೆ ಹೊರಕ್ಕೆ ಆಡುತ್ತಿತ್ತು. ನೇಗಿಲ ಗುಳ ಮುಂದೆ, ಅವಳು ಹಿಂದೆ. ಸಾಲಿನ ತುದಿಯಲ್ಲಿ ಎತ್ತು ತಿರುಗುವವರೆಗೆ ನಿಲ್ಲುವಳು, ಮತ್ತೆ ಹಿಂಬಾಲಿಸುವಳು.

"ಸ್ವಲ್ಪ ನಿಧಾನ ಸ್ವಾಮೇರೆ" ಎಂದ ಹಬೀಬ್ ಅಂಚಿನಿಂದ.

"ನಿಧಾನಕ್ಕೇ ಓಯ್ತಾ ಇವ್ನಿ ಕಣಪ್ಪ."

ಅರಳಿಮರದ ನೇರಕ್ಕೆ ಬಂದಾಗ ಗುಳಕ್ಕೆ ಏನೋ ತಗುಲಿತು. ಶಬ್ದ ಚಿಕ್ಕದು. ಎತ್ತುಗಳು ನಿಂತವು. ನೀಲಕಂಠಸ್ವಾಮಿ ಮೇಣಿಯಿಂದ ಕೈ ತೆಗೆದ. ಅವಳೂ ನಿಂತಳು. ಹಬೀಬ್ ಓಡಿಬಂದು ಮಂಡಿಯೂರಿ ಬೆರಳುಗಳಲ್ಲೇ ಮಣ್ಣು ಬಿಡಿಸಿದ. ಚಪ್ಪಟೆ ಕಲ್ಲು, ಒಂದು ಮಗ್ಗುಲಿಗೆ ಗಾರೆ ಅಂಟಿತ್ತು. ಯಾರದೋ ಮನೆಯ ತಳಪಾಯ. ಇನ್ನೂ ಸ್ವಲ್ಪ ಆಳಕ್ಕೆ ಕೈ ಬಿಟ್ಟು ನೋಡಿದ. ಮಣ್ಣು, ಬೇರು, ಒಂದು ಹೆಂಚಿನ ಚೂರು.

"ಏನು?" ಎಂದಳು ಅವಳು.

"ಪಾಯದ ಕಲ್ಲು ಆಪಾ."

ಅವನು ಕಲ್ಲನ್ನು ಎತ್ತಿಕೊಂಡು ಅಂಚಿನ ರಾಶಿಗೆ ಹೋಗಿ ಹಾಕಿದ. ನೀಲಕಂಠಸ್ವಾಮಿ ತಿರುಗಿ ಅವಳ ಕಾಲಿನ ಕಡೆ ಮಾತ್ರ ನೋಡಿ ಕೇಳಿದ: "ಓಗ್ಲಾ ಅವ್ವ?"

"ಹೋಗಿ."

ಅರ್ಧಕ್ಕೆ ನಿಂತಿದ್ದ ಸೂರಾವನ್ನು ಅವಳು ಮೊದಲಿನಿಂದ ಶುರುಮಾಡಿದಳು. ಎತ್ತುಗಳು ಆಗಲೇ ಮುಂದೆ ಹೋಗಿದ್ದವು.